ಆಡದೇ ಉಳಿದ ಹತ್ತನೇ ಪಂದ್ಯ: 1951ರ ಸ್ಯಾನ್ ಫ್ರಾನ್ಸಿಸ್ಕೊ ಕಾಲೇಜು ತಂಡದ ಕಥೆ

ಫುಟ್‌ಬಾಲ್ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕೊಯ್ಲು ಮುಗಿದ ಗದ್ದೆ, ಬರಿಗಾಲು, ಅಸರ್ ನಮಾಝ್ ಮುಗಿಸಿ ಓಡಿಹೋಗಿ ಮಗ್ರಿಬ್ ಬಾಂಗ್ ಕೇಳುವ ತನಕ ಆಡಿದ ಆಟ. ಕಾಸರಗೋಡು ದಾಟಿ ದಕ್ಷಿಣಕ್ಕೆ ಹೋದರೆ ಏಳೇಳು ಜನರ 'ಸೆವೆನ್ಸ್' ಪಂದ್ಯಾಟಗಳ ಗದ್ದಲ. ತಂಡ ಕಟ್ಟುವುದು, ಜೆರ್ಸಿಗೆ ದುಡ್ಡು ಒಟ್ಟುಮಾಡುವುದು, ಪಕ್ಕದ ಊರಿನ ಪಂದ್ಯಾಟಕ್ಕೆ ಜೀಪಿನಲ್ಲಿ ಒತ್ತೊತ್ತಾಗಿ ಕುಳಿತು ಹೋಗುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ಸಂಗತಿ. ಆದ್ದರಿಂದ ಒಂದು ತಂಡದ ಕಥೆ ಹೇಳಿದರೆ ಅದು ಎಷ್ಟು ದೂರದ್ದಾದರೂ ನಮಗೆ ಅರ್ಥವಾಗುತ್ತದೆ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಈ ಕಥೆ ಅಮೆರಿಕದ್ದು. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ನಾವು ಆಡುವುದನ್ನು ಅವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲಿನಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಹನ್ನೊಂದು ಜನರ ಎರಡು ತಂಡಗಳು ನೂರು ಗಜದ ಮೈದಾನದಲ್ಲಿ ಎದುರುಬದುರು ನಿಲ್ಲುತ್ತವೆ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬಹುದು, ಕೈಯಿಂದ ಎಸೆಯಬಹುದು. ಎದುರಾಳಿ ಮೈಮೇಲೆ ಬಿದ್ದು ಕೆಡವಬಹುದು. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಅದು ಟಚ್‌ಡೌನ್, ಅದಕ್ಕೆ ಆರು ಅಂಕ. ಇಷ್ಟು ತಿಳಿದಿದ್ದರೆ ಸಾಕು.

ಇನ್ನೊಂದು ಸಂಗತಿಯನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಕಥೆ ನಿಂತಿರುವುದೇ ಅದರ ಮೇಲೆ. ಆ ಕಾಲದಲ್ಲಿ ಅಲ್ಲಿಯ ಕಾಲೇಜು ಫುಟ್‌ಬಾಲಿನಲ್ಲಿ ಲೀಗ್, ಸೆಮಿಫೈನಲ್, ಫೈನಲ್ ಎಂಬ ಕ್ರಮವಿರಲಿಲ್ಲ. ಸೆಪ್ಟೆಂಬರಿನಿಂದ ನವೆಂಬರ್ ತನಕ ಕಾಲೇಜುಗಳು ತಾವೇ ಗೊತ್ತುಮಾಡಿಕೊಂಡ ಪಂದ್ಯಗಳನ್ನು ಆಡುತ್ತಿದ್ದವು. ಋತು ಮುಗಿದ ಮೇಲೆ, ಜನವರಿ ಒಂದರ ಆಸುಪಾಸು, ಕೆಲವು ನಗರಗಳಲ್ಲಿ 'ಬೌಲ್' ಎಂಬ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಓರ್ಲಿಯನ್ಸಿನಲ್ಲಿ ಶುಗರ್ ಬೌಲ್, ಡಲ್ಲಾಸಿನಲ್ಲಿ ಕಾಟನ್ ಬೌಲ್, ಜ್ಯಾಕ್ಸನ್‌ವಿಲ್ಲಿನಲ್ಲಿ ಗೇಟರ್ ಬೌಲ್. ಚಳಿಗಾಲದಲ್ಲೂ ಬೆಚ್ಚಗಿರುವ ದಕ್ಷಿಣದ ಊರುಗಳು ಇವು. ಇಂಥ ಪಂದ್ಯಕ್ಕೆ ತಂಡಗಳನ್ನು ಆರಿಸುತ್ತಿದ್ದದ್ದು ಹೆಚ್ಚಾಗಿ ಅಲ್ಲಿಯ ಸಮಿತಿ. ಸಮಿತಿ ಕರೆದರೆ ಹೋಗಬಹುದು, ಕರೆಯದಿದ್ದರೆ ಇಲ್ಲ. ಕರೆ ಬಂದರೆ ಹೆಸರೂ ಬಂತು, ಹಣವೂ ಬಂತು.

ಒಂದು ಚಿಕ್ಕ ಕಾಲೇಜು

ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯವನ್ನು ಯೇಸುಸಭೆಯ ಪಾದ್ರಿಗಳು 1855ರಲ್ಲಿ ಆರಂಭಿಸಿದರು. ಇಪ್ಪತ್ತೈದು ವರ್ಷಗಳ ನಂತರ, 1880ರಲ್ಲಿ, ಮಂಗಳೂರಿನ ಗುಡ್ಡದ ಮೇಲೆ ಸಂತ ಅಲೋಶಿಯಸ್ ಕಾಲೇಜನ್ನು ಕಟ್ಟಿದ್ದೂ ಅದೇ ಸಭೆಯವರು. ಆ ಕಾಲೇಜಿನ ಮೆಟ್ಟಿಲು ಹತ್ತಿದ ಬ್ಯಾರಿ ಮನೆಗಳ ಮಕ್ಕಳಿಗೆ ಈ ಬಗೆಯ ಸಂಸ್ಥೆಯ ಶಿಸ್ತು ಹೊಸತಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಕಾಲೇಜು ಶ್ರೀಮಂತರದ್ದಾಗಿರಲಿಲ್ಲ. ವಲಸೆ ಬಂದವರ ಮತ್ತು ದುಡಿಯುವವರ ಮಕ್ಕಳು ಅಲ್ಲಿ ಓದುತ್ತಿದ್ದರು. ಸ್ವಂತ ಕ್ರೀಡಾಂಗಣವಿರಲಿಲ್ಲ, ತವರಿನ ಪಂದ್ಯಗಳನ್ನು ನಗರದ ಕೆಜಾರ್ ಕ್ರೀಡಾಂಗಣದಲ್ಲಿ ಆಡುತ್ತಿದ್ದರು. ತಂಡಕ್ಕೆ 'ಡಾನ್ಸ್' ಎಂದು ಹೆಸರು. ಡಾನ್ ಎಂದರೆ ಸ್ಪಾನಿಷ್ ಭಾಷೆಯಲ್ಲಿ ದೊಡ್ಡವರ ಹೆಸರಿನ ಮುಂದೆ ಗೌರವಕ್ಕೆ ಸೇರಿಸುವ ಮಾತು.

ತರಬೇತುದಾರ ಜೋ ಕುಹಾರಿಚ್ ಕಟ್ಟುನಿಟ್ಟಿನ ಮನುಷ್ಯ. ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ ಪೀಟ್ ರೋಝೆಲ್ ಎಂಬ ತರುಣನದ್ದು. ಇಟಲಿಯಿಂದ ವಲಸೆ ಬಂದವರ ಮಗ ಜೀನೊ ಮಾರ್ಕೆಟ್ಟಿ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ರಣರಂಗ ಕಂಡು ಬಂದವನು. ಬಾಬ್ ಸೇಂಟ್ ಕ್ಲೇರ್ ಆರಡಿ ಒಂಬತ್ತಂಗುಲದ ಆಳು. ಚೆಂಡು ಎಸೆಯುವವನು ಎಡ್ ಬ್ರೌನ್.

ತಂಡದಲ್ಲಿ ಕಪ್ಪು ವರ್ಣದವರು ಇಬ್ಬರು. ಒಬ್ಬ ಟೆಕ್ಸಾಸಿನಲ್ಲಿ ಹುಟ್ಟಿದ ಒಲ್ಲಿ ಮ್ಯಾಟ್ಸನ್. ಚೆಂಡು ಹಿಡಿದು ಓಡಿದರೆ ಹಿಡಿಯುವವರಿಲ್ಲ. ಇನ್ನೊಬ್ಬ ಟೆನ್ನೆಸ್ಸಿಯ ಮೆಂಫಿಸಿನಿಂದ ಬಂದ ಬರ್ಲ್ ಟೋಲರ್. ಎದುರಾಳಿಯನ್ನು ತಡೆದು ಕೆಡವುವುದರಲ್ಲಿ ಅವನನ್ನು ಮೀರಿಸುವವರು ಕಡಿಮೆ. ಇವರಿಬ್ಬರೂ 1948ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಕಾಲೇಜಿಗೆ ಒಟ್ಟಿಗೆ ಆಡಿ, ಆಮೇಲೆ ಒಟ್ಟಿಗೆ ಈ ತಂಡಕ್ಕೆ ಬಂದವರು.

ಆ ಕಾಲದ ಅಮೆರಿಕ

1951ರ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ವರ್ಣದವರಿಗೆ ಶಾಲೆ ಬೇರೆ, ಬಸ್ಸಿನಲ್ಲಿ ಸೀಟು ಬೇರೆ, ಹೋಟೆಲು ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಇದು ಬರೀ ರೂಢಿಯಲ್ಲ, ಕಾನೂನು. ಶಾಲೆಗಳಲ್ಲಿ ಈ ಬೇರ್ಪಡೆ ತಪ್ಪು ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ.

ಫುಟ್‌ಬಾಲಿನಲ್ಲಿ ಇದು ಇನ್ನೊಂದು ರೂಪದಲ್ಲಿತ್ತು. ಉತ್ತರದ ಕಾಲೇಜುಗಳ ತಂಡದಲ್ಲಿ ಒಬ್ಬಿಬ್ಬರು ಕಪ್ಪು ಆಟಗಾರರು ಇರುತ್ತಿದ್ದರು. ದಕ್ಷಿಣದ ತಂಡದೊಡನೆ ಪಂದ್ಯ ಬಂದಾಗ ಉತ್ತರದವರು ಅವರನ್ನು ಸದ್ದಿಲ್ಲದೆ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಸಭ್ಯರ ನಡುವಿನ ಒಪ್ಪಂದ ಎಂದೇ ಅದನ್ನು ಕರೆಯುತ್ತಿದ್ದರು! ಕಾಲು ಉಳುಕಿದೆ, ಜ್ವರ ಬಂದಿದೆ ಎಂದು ನೆಪ ಹೇಳಿದರೆ ಸಾಕು, ಎರಡೂ ಕಡೆಯವರ ಮಾನ ಉಳಿಯುತ್ತಿತ್ತು. ಬಿಟ್ಟುಹೋದ ಹುಡುಗನ ಮಾನದ ಲೆಕ್ಕ ಯಾರೂ ಇಡುತ್ತಿರಲಿಲ್ಲ.

ಒಪ್ಪದವರೂ ಇದ್ದರು. 1946ರಲ್ಲಿ ಪೆನ್ ಸ್ಟೇಟ್ ತಂಡ ತನ್ನ ಕಪ್ಪು ಆಟಗಾರರನ್ನು ಬಿಟ್ಟು ಮಯಾಮಿಗೆ ಹೋಗುವ ಬದಲು ಪಂದ್ಯವನ್ನೇ ಕೈಬಿಟ್ಟಿತು. 1948ರಲ್ಲಿ ಲಫಾಯೆಟ್ ಎಂಬ ಸಣ್ಣ ಕಾಲೇಜಿಗೆ ಟೆಕ್ಸಾಸಿನ ಸನ್ ಬೌಲಿನಿಂದ ಕರೆ ಬಂದಿತ್ತು. ತಮ್ಮ ಡೇವಿಡ್ ಶೋವೆಲ್‌ಗೆ ಆಡಲು ಅವಕಾಶವಿಲ್ಲ ಎಂದು ತಿಳಿದು ಅವರು ಹೋಗಲಿಲ್ಲ. ಆದರೆ ಇವು ಬೆರಳೆಣಿಕೆಯ ಉದಾಹರಣೆಗಳು.

ಮೈದಾನಕ್ಕೆ ಇಳಿದರೂ ಸುಖವಿರಲಿಲ್ಲ. ನಾವು ಮಾತಾಡುತ್ತಿರುವ ಇದೇ ಋತುವಿನಲ್ಲಿ, 1951ರ ಅಕ್ಟೋಬರ್ 20ರಂದು, ಒಕ್ಲಹೋಮದ ಸ್ಟಿಲ್‌ವಾಟರಿನಲ್ಲಿ ಡ್ರೇಕ್ ವಿಶ್ವವಿದ್ಯಾನಿಲಯದ ಕಪ್ಪು ಆಟಗಾರ ಜಾನಿ ಬ್ರೈಟ್‌ನ ದವಡೆಯನ್ನು ಎದುರಾಳಿಯೊಬ್ಬ ಮುರಿದ. ಆಗ ಬ್ರೈಟ್‌ನ ಕೈಯಲ್ಲಿ ಚೆಂಡೇ ಇರಲಿಲ್ಲ. ಇಬ್ಬರು ಪತ್ರಿಕಾ ಛಾಯಾಗ್ರಾಹಕರು ತೆಗೆದ ಆ ದೃಶ್ಯದ ಸರಣಿ ಚಿತ್ರಗಳಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಕಪ್ಪು ಆಟಗಾರನೊಬ್ಬ ಚೆನ್ನಾಗಿ ಆಡಿದರೆ ಏನಾಗಬಹುದು ಎಂಬುದು ದೇಶಕ್ಕೆಲ್ಲ ಕಾಣುವಂತಿತ್ತು.

ಒಂಬತ್ತು ಪಂದ್ಯ

ಡಾನ್ಸ್ ತಂಡದ ಆ ವರ್ಷದ ಪಟ್ಟಿಯಲ್ಲಿ ಒಂಬತ್ತು ಪಂದ್ಯಗಳಿದ್ದವು. ಅಕ್ಕಪಕ್ಕದ ಸ್ಯಾನ್ ಹೋಸೆ ಸ್ಟೇಟ್ ಜೊತೆ ಎರಡು ಸಲ ಆಡಿದರು, ಎರಡೂ ಸಲ ಗೆದ್ದರು. ಇಡಾಹೊ, ಸಾಂಟಾ ಕ್ಲಾರಾ ಸೋತವು. ಎರಡು ಪಂದ್ಯಗಳು ಸೇನಾ ನೆಲೆಗಳ ತಂಡಗಳ ಮೇಲೆ. ಸ್ಟ್ಯಾನ್‌ಫರ್ಡ್, ಬರ್ಕ್‌ಲಿಯಂಥ ನೆರೆಯ ದೊಡ್ಡ ವಿಶ್ವವಿದ್ಯಾನಿಲಯಗಳು ಆ ವರ್ಷದ ಪಟ್ಟಿಯಲ್ಲಿ ಇರಲಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬರುತ್ತದೆ.

ಅಕ್ಟೋಬರಿನಲ್ಲಿ ತಂಡ ದೇಶದ ಇನ್ನೊಂದು ತುದಿಗೆ, ನ್ಯೂಯಾರ್ಕಿಗೆ ಹೋಯಿತು. ಎದುರಾಳಿ ಫೋರ್ಡ್‌ಹ್ಯಾಮ್. ಅದೂ ಯೇಸುಸಭೆಯದೇ ವಿಶ್ವವಿದ್ಯಾನಿಲಯ. ದೊಡ್ಡ ಪತ್ರಿಕೆಗಳ ಬರಹಗಾರರು ಇರುವ ಊರಿನಲ್ಲಿ ಮ್ಯಾಟ್ಸನ್‌ನ ಆಟ ಒಮ್ಮೆ ಅವರ ಕಣ್ಣಿಗೆ ಬೀಳಲಿ ಎಂಬುದು ರೋಝೆಲ್‌ನ ಆಸೆ. ಮ್ಯಾಟ್ಸನ್ ನಿರಾಸೆ ಮಾಡಲಿಲ್ಲ. ಎದುರಾಳಿ ಒದ್ದು ಕಳಿಸಿದ ಚೆಂಡನ್ನು ಹಿಡಿದು ಒಮ್ಮೆ 94 ಗಜ, ಇನ್ನೊಮ್ಮೆ 90 ಗಜ ಓಡಿ ಎರಡು ಟಚ್‌ಡೌನ್ ಮಾಡಿದ. ಅಂದರೆ ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ, ಹನ್ನೊಂದು ಜನರ ನಡುವೆ ತೂರಿಕೊಂಡು, ಎರಡು ಸಲ. ಆದರೂ ಪಂದ್ಯ ಸುಲಭವಾಗಿರಲಿಲ್ಲ. ಡಾನ್ಸ್ ಗೆದ್ದದ್ದು 32–26ರಿಂದ.

ನವೆಂಬರ್ 17ರಂದು ಸ್ಟಾಕ್ಟನ್ ಊರಿನಲ್ಲಿ ಪೆಸಿಫಿಕ್ ಕಾಲೇಜಿನೊಡನೆ ಪಂದ್ಯ. ಪೆಸಿಫಿಕ್ ಕೂಡ ಬೌಲ್ ಕರೆಯ ಆಸೆಯಲ್ಲಿದ್ದ ಬಲವಾದ ತಂಡ. ಇಲ್ಲಿ ಗೆದ್ದವರಿಗೆ ದೊಡ್ಡ ಕರೆ ಖಂಡಿತ ಎಂಬ ಮಾತು ಹಬ್ಬಿತ್ತು. ಡಾನ್ಸ್ 47–14ರಿಂದ ಗೆದ್ದರು. ಕೊನೆಯ ಪಂದ್ಯದಲ್ಲಿ ಲಾಸ್ ಏಂಜಲಿಸಿನ ಲೊಯೋಲಾ ತಂಡವನ್ನು 20–2ರಿಂದ ಸೋಲಿಸಿದರು. ಒಂಬತ್ತಕ್ಕೆ ಒಂಬತ್ತು.

ಆ ಋತುವಿನಲ್ಲಿ ಮ್ಯಾಟ್ಸನ್ ಚೆಂಡು ಹಿಡಿದು ಓಡಿದ ದೂರ ಒಟ್ಟು 1,566 ಗಜ, ಟಚ್‌ಡೌನ್‌ಗಳು 21. ಎರಡರಲ್ಲೂ ದೇಶದ ಕಾಲೇಜು ಆಟಗಾರರಲ್ಲೇ ಮೊದಲಿಗ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಮಾತ್ರ ಪ್ರಿನ್ಸ್‌ಟನ್ನಿನ ಡಿಕ್ ಕಾಝ್ಮಾಯರ್‌ಗೆ ಹೋಯಿತು.

ಬಂದ ಮಾತು, ಕೊಟ್ಟ ಉತ್ತರ

ಆಮೇಲೆ ಬಂದದ್ದು ಕರೆಯಲ್ಲ, ಷರತ್ತು. ಆರೆಂಜ್ ಬೌಲಿಗೆ ಬರಬಹುದು, ಆದರೆ ಮ್ಯಾಟ್ಸನ್ ಮತ್ತು ಟೋಲರ್ ಬರಬಾರದು.

ಬಹಿರಂಗವಾಗಿ ಹೇಳಿದ ಕಾರಣ ಬೇರೆ. ಈ ತಂಡ ಗೆದ್ದದ್ದೇನೋ ಹೌದು, ಆದರೆ ಎದುರಾಳಿಗಳು ದುರ್ಬಲರು, ಪಟ್ಟಿಯಲ್ಲಿ ದೊಡ್ಡ ಹೆಸರುಗಳಿಲ್ಲ ಎಂದರು. ಮೇಲೆ ಹೇಳಿದ ಪಂದ್ಯಗಳ ಪಟ್ಟಿ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ನೆಪಗಳ ಬಲವೇ ಅದು, ಅವುಗಳಲ್ಲಿ ಅರ್ಧ ಸತ್ಯ ಇರುತ್ತದೆ. ಆದರೆ ಇದೇ ಡಾನ್ಸ್ ಕೈಯಲ್ಲಿ 47–14ರಿಂದ ಸೋತ ಪೆಸಿಫಿಕ್ ತಂಡಕ್ಕೆ ಸನ್ ಬೌಲಿನ ಕರೆ ಹೋಯಿತು. ಪತ್ರಕರ್ತರ ಮತದಾನದ ದೇಶದ ಪಟ್ಟಿಯಲ್ಲಿ 14ನೇ ಸ್ಥಾನದಲ್ಲಿದ್ದ, ಒಂದೂ ಪಂದ್ಯ ಸೋಲದ ತಂಡಕ್ಕೆ ಎಲ್ಲಿಂದಲೂ ಕರೆ ಬರಲಿಲ್ಲ.

ಆಟಗಾರರು ಏನು ಮಾಡಿದರು? ವಯಸ್ಸಾದ ಮೇಲೆ ಅವರು ಹೇಳಿದ್ದರಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಇಬ್ಬರನ್ನು ಬಿಟ್ಟು ಹೋಗುವುದೋ ಬೇಡವೋ ಎಂದು ಅವರು ಕುಳಿತು ಚರ್ಚೆ ಮಾಡಲಿಲ್ಲ. ಚರ್ಚೆ ಮಾಡುವಂಥ ವಿಷಯವೆಂದೇ ಅವರಿಗೆ ಅನ್ನಿಸಲಿಲ್ಲ. ಎಲ್ಲರೂ ಹೋಗುವುದಾದರೆ ಹೋಗುವುದು, ಇಲ್ಲವಾದರೆ ಯಾರೂ ಇಲ್ಲ.

ನಮ್ಮ ಮನೆಗಳ ಮಾತಿನಲ್ಲಿ ಹೇಳುವುದಾದರೆ ಇದು ಮದುವೆಯ ಕರೆಯ ಹಾಗೆ. ಯಾರೋ ದೊಡ್ಡವರು ಬಂದು, ನೀವೆಲ್ಲ ಬನ್ನಿ, ಆದರೆ ನಿಮ್ಮ ಮನೆಯ ಆ ಇಬ್ಬರು ತಮ್ಮಂದಿರನ್ನು ಮಾತ್ರ ಕರೆತರಬೇಡಿ ಎಂದರೆ ಏನು ಮಾಡುತ್ತೇವೆ? ಊಟ ಎಷ್ಟೇ ರುಚಿಯಾಗಿರಲಿ, ಆ ಮನೆಯವರ ಸ್ನೇಹದಿಂದ ಎಷ್ಟೇ ಲಾಭವಿರಲಿ, ಮಾನವಿರುವವರು ಹೋಗುವುದಿಲ್ಲ. ಆದರೆ ಹೋದವರೂ ಇದ್ದಾರೆ. 'ಒಂದು ಸಲ ತಾನೇ', 'ಅವರಿಗೂ ಅರ್ಥವಾಗುತ್ತದೆ', 'ಮನೆಯ ಒಳ್ಳೆಯದಕ್ಕೇ ಅಲ್ಲವಾ' ಎಂದು ಹೇಳಿಕೊಂಡು ಹೋದವರು. ಆ ಕಾಲದ ಎಷ್ಟೋ ಕಾಲೇಜುಗಳು ಹೀಗೆಯೇ ಹೇಳಿಕೊಂಡು ಆಡಿದವು.

ಈ ಹುಡುಗರ ಮುಂದೆ ಇದ್ದದ್ದು ಸಣ್ಣ ಲಾಭವೂ ಅಲ್ಲ. ಅವರ ಫುಟ್‌ಬಾಲ್ ವಿಭಾಗ ಸಾಲದಲ್ಲಿತ್ತು. ಬೌಲ್ ಪಂದ್ಯದ ಹಣ ಬಂದಿದ್ದರೆ ಅದು ಉಳಿಯುವ ಸಾಧ್ಯತೆ ಇತ್ತು. ಬರಲಿಲ್ಲ. ಆ ಋತು ಮುಗಿದ ಮೇಲೆ ವಿಶ್ವವಿದ್ಯಾನಿಲಯ ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿತು. ಸೋಲೇ ಕಾಣದ ತಂಡಕ್ಕೆ ಮರುವರ್ಷ ಅಸ್ತಿತ್ವವೇ ಇರಲಿಲ್ಲ. ಇನ್ನೂ ಒಂದು ವರ್ಷದ ಆಟ ಬಾಕಿಯಿದ್ದ ಸೇಂಟ್ ಕ್ಲೇರ್ ಅದನ್ನು ಒಕ್ಲಹೋಮದ ಟಲ್ಸಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಆಡಬೇಕಾಯಿತು. ಕುಹಾರಿಚ್ ಶಿಕಾಗೊದ ವೃತ್ತಿಪರ ತಂಡದ ತರಬೇತಿಗೆ ಹೋದರು.

1952ರ ಜನವರಿ ಒಂದರಂದು ಮಯಾಮಿಯಲ್ಲಿ ಆರೆಂಜ್ ಬೌಲ್ ನಡೆಯಿತು. ದಕ್ಷಿಣದ ಎರಡು ತಂಡಗಳು ಆಡಿದವು. ಜಾರ್ಜಿಯ ಟೆಕ್ ತಂಡ ಬೇಲರ್ ತಂಡವನ್ನು 17–14ರಿಂದ ಸೋಲಿಸಿತು. ಇದಾಗಿ ನಾಲ್ಕು ವರ್ಷಗಳ ನಂತರವೂ, 1956ರ ಶುಗರ್ ಬೌಲಿನಲ್ಲಿ ಪಿಟ್ಸ್‌ಬರ್ಗಿನ ಬಾಬಿ ಗ್ರಿಯರ್ ಎಂಬ ಒಬ್ಬನೇ ಒಬ್ಬ ಕಪ್ಪು ಆಟಗಾರ ಆಡುತ್ತಾನೆ ಎಂಬುದಕ್ಕೆ ಜಾರ್ಜಿಯದ ಗವರ್ನರ್ ತಮ್ಮ ರಾಜ್ಯದ ತಂಡ ಹೋಗಬಾರದೆಂದು ಪಟ್ಟುಹಿಡಿದರು. ಅವರ ವಿರುದ್ಧ ಬೀದಿಗಿಳಿದವರು ಅದೇ ಜಾರ್ಜಿಯ ಟೆಕ್ಕಿನ ವಿದ್ಯಾರ್ಥಿಗಳು. ಗ್ರಿಯರ್ ಆಡಿದ.

ಆಮೇಲೆ ಏನಾದರು

ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದ. ವೃತ್ತಿಪರ ಫುಟ್‌ಬಾಲಿನಲ್ಲಿ ದೊಡ್ಡ ಹೆಸರಾದ. 1959ರಲ್ಲಿ ಲಾಸ್ ಏಂಜಲಿಸ್ ತಂಡ ಅವನೊಬ್ಬನಿಗಾಗಿ ಒಂಬತ್ತು ಮಂದಿಯನ್ನು ಬಿಟ್ಟುಕೊಟ್ಟ ವ್ಯವಹಾರ ಇವತ್ತಿಗೂ ಪ್ರಸಿದ್ಧ. ಆ ವ್ಯವಹಾರ ಕುದುರಿಸಿದವನು ಬೇರೆ ಯಾರೂ ಅಲ್ಲ, ಕಾಲೇಜಿನಲ್ಲಿ ಅವನ ಸುದ್ದಿ ಹೊತ್ತು ಪತ್ರಿಕೆಗಳಿಗೆ ಅಲೆಯುತ್ತಿದ್ದ ಪೀಟ್ ರೋಝೆಲ್. ಮರುವರ್ಷವೇ ರೋಝೆಲ್ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನ ಮುಖ್ಯಸ್ಥನಾದ, 1989ರ ತನಕ ಆ ಸ್ಥಾನದಲ್ಲಿದ್ದ. ಮ್ಯಾಟ್ಸನ್, ಮಾರ್ಕೆಟ್ಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲಿನ ಗೌರವ ಮಂದಿರಕ್ಕೆ ಸೇರಿದರು. ಒಂದೇ ಕಾಲೇಜಿನ ಒಂದೇ ವರ್ಷದ ತಂಡದಿಂದ ಮೂವರು! ಎದುರಾಳಿಗಳು ದುರ್ಬಲರಾಗಿದ್ದರು ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನನಗೆ ಎಲ್ಲರಿಗಿಂತ ಹತ್ತಿರದವನೆನಿಸುವುದು ಬರ್ಲ್ ಟೋಲರ್. 1952ರ ಬೇಸಗೆಯಲ್ಲಿ, ವೃತ್ತಿಪರ ಆಟ ಶುರುವಾಗುವ ಮೊದಲೇ, ಕಾಲೇಜು ಆಟಗಾರರ ಒಂದು ಪ್ರದರ್ಶನ ಪಂದ್ಯದಲ್ಲಿ ಅವನ ಮೊಣಕಾಲು ಹೋಯಿತು. ಅಲ್ಲಿಗೆ ಆಟ ಮುಗಿಯಿತು. ಗೆಳೆಯರೆಲ್ಲ ಹೆಸರು, ಹಣ ಗಳಿಸುತ್ತಿದ್ದಾಗ ಟೋಲರ್ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಶಾಲೆಯಲ್ಲಿ ಮಾಸ್ತರನಾದ. 1965ರಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ ಪಂದ್ಯ ನಡೆಸುವ ಅಧಿಕಾರಿಯಾಗಿ ನೇಮಕವಾದ. ಅಮೆರಿಕದ ದೊಡ್ಡ ವೃತ್ತಿಪರ ಲೀಗುಗಳಲ್ಲಿ ಆ ಕೆಲಸಕ್ಕೆ ಬಂದ ಮೊದಲ ಕಪ್ಪು ವರ್ಣೀಯ ಅವನು. 1968ರಲ್ಲಿ ಶಾಲೆಯ ಮುಖ್ಯೋಪಾಧ್ಯಾಯನಾದ. ವಾರವಿಡೀ ಶಾಲೆ, ವಾರದ ಕೊನೆಗೆ ಮೈದಾನ. ಹೀಗೆ 25 ಋತುಗಳು. 1980ರ ಸೂಪರ್ ಬೌಲಿನಲ್ಲೂ ಅವನು ಅಧಿಕಾರಿಯಾಗಿದ್ದ. ಒಮ್ಮೆ ಯಾವನನ್ನು ಮೈದಾನಕ್ಕೆ ತರಬೇಡಿ ಎಂದರೋ ಅವನು, ದೇಶವೆಲ್ಲ ನೋಡುವ ಪಂದ್ಯದಲ್ಲಿ ಗೆರೆಯ ಬಳಿ ನಿಂತು, ಯಾರು ನಿಯಮ ಮೀರಿದರು ಎಂದು ಹೇಳುತ್ತಿದ್ದ. ಟೋಲರ್ 2009ರಲ್ಲಿ, ಮ್ಯಾಟ್ಸನ್ 2011ರಲ್ಲಿ ತೀರಿಕೊಂಡರು. ಟೋಲರ್ ದುಡಿದ ಶಾಲೆಯ ಆವರಣಕ್ಕೆ ಈಗ ಅವನದೇ ಹೆಸರು.

ನಮಗೇಕೆ ಈ ಕಥೆ

ಈ ತಂಡದ ಸಂಗತಿ ದೇಶಕ್ಕೆ ತಿಳಿಯಲು ಬಹಳ ಕಾಲ ಹಿಡಿಯಿತು. ಆ ದಿನಗಳಲ್ಲಿ ಯಾರೂ ಅವರಿಗೆ ಹಾರ ಹಾಕಲಿಲ್ಲ. 1990ರಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಈ ಕಥೆಯನ್ನು ವಿವರವಾಗಿ ಬರೆದ ಮೇಲೆಯೇ ಹೊರಗಿನವರು ಇವರನ್ನು ಹುಡುಕಿಕೊಂಡು ಬಂದದ್ದು. ಆಗ ಅವರಿಗೆ ಅರವತ್ತರ ಆಸುಪಾಸಿನ ವಯಸ್ಸು. ಸುಮಾರು ನಲವತ್ತು ವರ್ಷ ಅವರು ಅದನ್ನು ದೊಡ್ಡ ತ್ಯಾಗವೆಂದು ಹೇಳಿಕೊಂಡು ತಿರುಗಲಿಲ್ಲ.

ಒಳ್ಳೆಯ ಕೆಲಸ ಮಾಡಿದವರಿಗೆ ಕೂಡಲೇ ಪ್ರತಿಫಲ ಸಿಗುತ್ತದೆ ಎಂದು ನಾವು ಮಕ್ಕಳಿಗೆ ಹೇಳುವುದುಂಟು. ಈ ಕಥೆ ಹಾಗೆ ಹೇಳುವುದಿಲ್ಲ. ಅವರು ಸರಿಯಾದದ್ದನ್ನು ಮಾಡಿದರು, ತಂಡ ಮುಚ್ಚಿತು. ಆ ನಷ್ಟ ನಿಜವಾದದ್ದು, ಅದನ್ನು ಯಾರೂ ತುಂಬಿಕೊಡಲಿಲ್ಲ. ಆದರೆ ಇನ್ನೊಂದು ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಮಯಾಮಿಗೆ ಹೋಗಿ ಗೆದ್ದು ಬಂದ ತಂಡ, ರೈಲಿನಿಂದ ಇಳಿದು, ಮನೆಯಲ್ಲೇ ಬಿಟ್ಟುಹೋದ ಆ ಇಬ್ಬರ ಮುಖವನ್ನು ಹೇಗೆ ನೋಡಬೇಕಿತ್ತು? ಮ್ಯಾಟ್ಸನ್ ಓಡಿ ಗಳಿಸಿಕೊಟ್ಟ ಕರೆಗೆ ಮ್ಯಾಟ್ಸನ್‌ನನ್ನೇ ಬಿಟ್ಟು ಹೋಗುವುದಾದರೆ, ಆ ಒಂಬತ್ತು ಗೆಲುವು ಯಾರದ್ದು?

ಇಂಥ ಷರತ್ತಿನ ಕರೆಗಳು ಈಗಲೂ ಬರುತ್ತವೆ. ಕಾಲೇಜಿಗೆ, ಆಫೀಸಿಗೆ, ಗೆಳೆಯರ ಗುಂಪಿಗೆ, ಕೆಲವೊಮ್ಮೆ ನಮ್ಮ ನಮ್ಮ ಕುಟುಂಬಗಳ ಒಳಗೇ. ನಾವು ಹೊರಗಿಡಲ್ಪಟ್ಟವರಾದಾಗ ಜೊತೆಗಾರರು ನಮ್ಮನ್ನು ಬಿಟ್ಟು ಹೋಗಬಾರದು ಎಂದು ಬಯಸುತ್ತೇವೆ. ಹೊರಗುಳಿದವನು ಬೇರೊಬ್ಬನಾಗಿದ್ದು, ಕರೆ ನಮಗೆ ಬಂದಾಗ ನಾವು ಏನು ಮಾಡುತ್ತೇವೆ ಎಂಬುದು ಅದಕ್ಕಿಂತ ಕಷ್ಟದ ಪ್ರಶ್ನೆ. ಸ್ಯಾನ್ ಫ್ರಾನ್ಸಿಸ್ಕೊದ ಆ ಹುಡುಗರು ಉತ್ತರಿಸಿದ್ದು ಈ ಎರಡನೆಯ ಪ್ರಶ್ನೆಗೆ.

ದಾಖಲೆಯ ಪುಸ್ತಕದಲ್ಲಿ ಆ ವರ್ಷದ ಸಾಲು ಚಿಕ್ಕದು. ಆಡಿದ್ದು ಒಂಬತ್ತು, ಗೆದ್ದದ್ದು ಒಂಬತ್ತು, ಸೋತದ್ದು ಇಲ್ಲ. ಹತ್ತನೇ ಪಂದ್ಯದ ಜಾಗ ಖಾಲಿ. ಗದ್ದೆಯಲ್ಲಿ ಆಡಲು ಹೊರಟ ನಮ್ಮ ಮಕ್ಕಳಿಗೆ ಒಂಬತ್ತು ಗೆಲುವಿನ ಕಥೆ ಹೇಳುವಾಗ, ಆ ಜಾಗ ಏಕೆ ಖಾಲಿ ಉಳಿಯಿತು ಎಂಬುದನ್ನೂ ಹೇಳೋಣ.